ವಿಶ್ವವಿದ್ಯಾಲಯ ವರ್ಗಾವಣೆ: ಅಂಕ ಕುಸಿತ ಮತ್ತು ಚೇತರಿಕೆ

ಸಾಮಾನ್ಯ ಕಾಲೇಜೊಂದರಲ್ಲಿ ಅಗ್ರಶ್ರೇಣಿಯಲ್ಲಿದ್ದ ವಿದ್ಯಾರ್ಥಿಗಳು ವ್ಯಾಸಂಗದ ನಡುವೆ ಹೆಚ್ಚು ಸ್ಪರ್ಧೆಯುಳ್ಳ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಅವರಲ್ಲಿ ಹಲವರ ಅಂಕಗಳು ಮೊದಲ ಅವಧಿಯಲ್ಲಿ ಇಳಿಯುತ್ತವೆ. ಅಮೆರಿಕದ ಶಿಕ್ಷಣತಜ್ಞರು ಇದನ್ನು ‘ಟ್ರಾನ್ಸ್‌ಫರ್ ಶಾಕ್’, ಅಂದರೆ ವರ್ಗಾವಣೆಯ ಆಘಾತ ಎಂದು ಕರೆಯುತ್ತಾರೆ. ಜಾನ್ ಹಿಲ್ಸ್ ಅವರು 1965ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಈ ಪದ ಬಳಕೆಗೆ ಬಂದಿತು. ಕುಸಿತದ ಬಳಿಕ ಚೇತರಿಕೆಯೂ ಉಂಟಾಗುತ್ತದೆಂದು ಅವರು ಗುರುತಿಸಿದ್ದರು. ಆದರೆ ವರ್ಗಾವಣೆಯಾದವರಿಗೆ ಚೇತರಿಸಿಕೊಳ್ಳಲು ದೊರೆಯುವ ಕಾಲ ಅಲ್ಪ. ಆದ್ದರಿಂದ ಮೊದಲ ಅವಧಿಯ ಸಿದ್ಧತೆಯೇ ನಿರ್ಣಾಯಕವೆನಿಸುತ್ತದೆ.

ಕ್ಯಾಲಿಫೋರ್ನಿಯಾದ ಮಾದರಿ

ಈ ಬಗೆಯ ವರ್ಗಾವಣೆಗೆ ಹೆಸರಾದ ರಾಜ್ಯ ಕ್ಯಾಲಿಫೋರ್ನಿಯಾ. ಅಲ್ಲಿ 1960ರಲ್ಲಿ ಅಂಗೀಕೃತವಾದ ಉನ್ನತ ಶಿಕ್ಷಣದ ಮಹಾಯೋಜನೆಯ ಪ್ರಕಾರ, ಕಡಿಮೆ ಶುಲ್ಕದ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ರಾಜ್ಯದ ನಿವಾಸಿಗಳಿಗೆ 4ರ ಮಾಪನದಲ್ಲಿ ಕನಿಷ್ಠ 2.4 ಗ್ರೇಡ್ ಸರಾಸರಿ ಅಗತ್ಯ. ನಿಗದಿತ ಷರತ್ತುಗಳನ್ನು ಪೂರೈಸಿದವರಿಗೆ ಆರು ಆವರಣಗಳು ಪ್ರವೇಶದ ಖಾತರಿ ನೀಡುತ್ತವೆ. ಬರ್ಕಲಿ, ಲಾಸ್ ಏಂಜಲೀಸ್ ಹಾಗೂ ಸ್ಯಾನ್ ಡಿಯಾಗೊ ಆವರಣಗಳಲ್ಲಿ ಈ ಖಾತರಿಯಿಲ್ಲ. ಅಲ್ಲಿ ಸ್ಪರ್ಧೆ ತೀವ್ರ.

ಸೊನ್ನೆಯಿಂದ ಆರಂಭ

ಹಳೆಯ ಕಾಲೇಜಿನ ಕ್ರೆಡಿಟ್‌ಗಳು ಪದವಿಯ ಲೆಕ್ಕಕ್ಕೆ ಸೇರುತ್ತವೆ. ಆದರೆ ಅಲ್ಲಿ ಪಡೆದ ಗ್ರೇಡ್‌ಗಳು ಹೊಸ ವಿಶ್ವವಿದ್ಯಾಲಯದ ಸರಾಸರಿಗೆ ಸೇರುವುದಿಲ್ಲ. ಸರಾಸರಿ ಹೊಸದಾಗಿಯೇ ಆರಂಭವಾಗುತ್ತದೆ.

ಉದಾಹರಣೆಗೆ, ಮೂರು ತಿಂಗಳ ಅವಧಿಗಳುಳ್ಳ ಆವರಣದಲ್ಲಿ ನಾಲ್ಕು ವರ್ಷ ಓದುವವರಿಗೆ 12 ಅವಧಿಗಳಿದ್ದರೆ, ವರ್ಗಾವಣೆಯಾದವರಿಗೆ ಸಾಮಾನ್ಯವಾಗಿ ಆರು ಮಾತ್ರ. ಪ್ರತಿ ಅವಧಿಯಲ್ಲೂ ಸಮಾನ ಕ್ರೆಡಿಟ್ ಇದ್ದು, ಮೊದಲ ಅವಧಿಯಲ್ಲಿ 2.7, ಉಳಿದೆಲ್ಲವುಗಳಲ್ಲಿ 3.9 ಬಂದಿತೆನ್ನೋಣ. ನಾಲ್ಕು ವರ್ಷ ಓದಿದವರ ಅಂತಿಮ ಸರಾಸರಿ 3.8 ಆಗುತ್ತದೆ, ವರ್ಗಾವಣೆಯಾದವರದು 3.7ಕ್ಕೆ ನಿಲ್ಲುತ್ತದೆ. ಸ್ನಾತಕೋತ್ತರ ಪ್ರವೇಶ ಹಾಗೂ ವಿದ್ಯಾರ್ಥಿವೇತನಗಳಿಗೆ ಈ ಅಂತರವೂ ಮುಖ್ಯವಾಗಬಹುದು. ಸರಾಸರಿ 2.0ಕ್ಕಿಂತ ಕೆಳಗಿಳಿದರಂತೂ ವಿಶ್ವವಿದ್ಯಾಲಯದ ಎಚ್ಚರಿಕೆ ಎದುರಾಗುತ್ತದೆ.

ಕುಸಿತಕ್ಕೆ ಕಾರಣಗಳು

ಮೊದಲನೆಯದು ವೇಗ. ಸಮುದಾಯ ಕಾಲೇಜುಗಳಲ್ಲಿ ಬಹುಪಾಲು ಸೆಮಿಸ್ಟರ್ ಪದ್ಧತಿಯಿದೆ. ಬರ್ಕಲಿ ಮತ್ತು ಮರ್ಸೆಡ್ ಬಿಟ್ಟರೆ ವಿಶ್ವವಿದ್ಯಾಲಯದ ಉಳಿದ ಪದವಿ ಆವರಣಗಳಲ್ಲಿ ಹತ್ತು ವಾರಗಳ ಬೋಧನೆಯ ‘ಕ್ವಾರ್ಟರ್’ ಪದ್ಧತಿ. ನಾಲ್ಕನೆಯ ಅಥವಾ ಐದನೆಯ ವಾರದಲ್ಲೇ ಮಧ್ಯಾವಧಿ ಪರೀಕ್ಷೆ ಬರುವುದರಿಂದ, ಒಂದು ವಾರ ಹಿಂದೆ ಬಿದ್ದರೂ ನಷ್ಟ ದೊಡ್ಡದು.

ಎರಡನೆಯದು ತರಗತಿಯ ಗಾತ್ರ. ಅಧ್ಯಾಪಕರು ಹೆಸರು ಹಿಡಿದು ಕರೆಯುವ ತರಗತಿಯಿಂದ ಬಂದವರು ನೂರಾರು ಮಂದಿಯ ಉಪನ್ಯಾಸ ಸಭಾಂಗಣದಲ್ಲಿ ಕೂರಬೇಕಾಗುತ್ತದೆ. ಮೂರನೆಯದು ಸಹಪಾಠಿಗಳ ಮಟ್ಟ. ಕೆಲವು ತರಗತಿಗಳಲ್ಲಿ ಇಡೀ ತರಗತಿಯ ಸಾಧನೆಗೆ ಹೋಲಿಸಿ ಗ್ರೇಡ್ ನೀಡುವುದರಿಂದ, ಹಿಂದಿನಷ್ಟೇ ಶ್ರಮಕ್ಕೆ ಹಿಂದಿನ ಫಲ ದೊರೆಯುವುದಿಲ್ಲ. ಗಣಿತ ಹಾಗೂ ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕುಸಿತ ಹೆಚ್ಚೆಂದು ನಂತರದ ಅಧ್ಯಯನಗಳು ತೋರಿಸಿವೆ.

ಉನ್ನತ ಶ್ರೇಣಿಗೆ ದಾರಿ

ಮೊದಲ ಅವಧಿಯಲ್ಲಿ ಕಠಿಣ ವಿಷಯಗಳನ್ನೆಲ್ಲ ಒಟ್ಟಿಗೆ ಆಯ್ದುಕೊಳ್ಳದೆ, ಒಂದೆರಡು ಕಠಿಣ ವಿಷಯಗಳೊಡನೆ ಹಗುರವಾದುದೊಂದನ್ನು ಸೇರಿಸಿಕೊಳ್ಳುವುದು ವಿವೇಕ. ಪೂರ್ವಭಾವಿ ವಿಷಯಗಳಲ್ಲಿನ ಕೊರತೆಯನ್ನು ಪ್ರವೇಶಕ್ಕೆ ಮುಂಚಿನ ರಜೆಯಲ್ಲೇ ತುಂಬಿಕೊಳ್ಳಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಲಭ್ಯವಿದ್ದಲ್ಲಿ ಅವುಗಳನ್ನು ಗಡಿಯಾರವಿಟ್ಟುಕೊಂಡು ಬಿಡಿಸಬೇಕು.

ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದೇ ವಾರದಲ್ಲಿ ನಿಗದಿತ ಸಮಯ ಮೀಸಲಿಡುತ್ತಾರೆ. ಸಂಕೋಚದಿಂದ ಅದನ್ನು ಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ವರ್ಗಾವಣೆಯಾದವರಿಗಾಗಿಯೇ ಇರುವ ಸಹಾಯ ಕೇಂದ್ರಗಳೂ ಹಲವು ಆವರಣಗಳಲ್ಲಿವೆ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಅದನ್ನು ಅಸಾಮರ್ಥ್ಯವೆಂದು ಭಾವಿಸದೆ, ಉತ್ತರಪತ್ರಿಕೆಯನ್ನು ಪಡೆದು ಎಲ್ಲಿ ತಪ್ಪಿತೆಂದು ಅರಿಯಬೇಕು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಇದನ್ನು ಹೋಲುವುದು ಡಿಪ್ಲೊಮಾ ಪಡೆದವರ ‘ಲ್ಯಾಟರಲ್ ಎಂಟ್ರಿ’. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಮೂಲಕ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಎಂಜಿನಿಯರಿಂಗ್ ಪದವಿಯ ಮೂರನೆಯ ಸೆಮಿಸ್ಟರ್‌ಗೆ ನೇರವಾಗಿ ಸೇರುತ್ತಾರೆ. ಪ್ರಯೋಗಾಲಯದ ಕೆಲಸದಲ್ಲಿ ಪಳಗಿದ ಇವರಿಗೆ ಗಣಿತವೇ ತೊಡಕು. ಇದನ್ನರಿತೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2018ರ ಪಠ್ಯಕ್ರಮದಲ್ಲಿ ಇವರಿಗೆ ಹೆಚ್ಚುವರಿ ಗಣಿತವನ್ನು ಕಡ್ಡಾಯಗೊಳಿಸಿತ್ತು. ಇವರಿಗೂ ಮೊದಲ ವರ್ಷದ ಗಣಿತವನ್ನು ಪ್ರವೇಶಕ್ಕೆ ಮುನ್ನವೇ ಅಭ್ಯಸಿಸುವುದು ಉನ್ನತ ಶ್ರೇಣಿಯತ್ತ ಮೊದಲ ಹೆಜ್ಜೆ.