ಕೇಕಿನ ಮೇಲಿನ ಚಾಕಲೇಟ್ ಹೂವೂ ನಮ್ಮ ತೋಟದ ಕೊಕ್ಕೋ ಮರವೂ

ಚಾಕಲೇಟ್ ಎಂದರೆ ಬಾಯಲ್ಲಿ ನೀರೂರದ ಮಕ್ಕಳು ಇದ್ದಾರೆಯೇ? ಈಗೀಗ ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲೂ ಹುಟ್ಟುಹಬ್ಬದ ಕೇಕನ್ನು ಮನೆಯಲ್ಲೇ ಮಾಡುತ್ತಾರೆ. ಕುಕ್ಕರಿನಲ್ಲಿ ಬೇಯಿಸಿದ ಕೇಕಿನ ಮೇಲೆ ಚಾಕಲೇಟಿನ ಗುಲಾಬಿ ಹೂವೊಂದನ್ನು ಇಟ್ಟರೆ ಮಕ್ಕಳ ಸಂಭ್ರಮ ಹೇಳತೀರದು. ಆ ಹೂವಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಅಡಿಕೆ ತೋಟಗಳಲ್ಲಿಯೇ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಕಹಿ ಪಾನೀಯದಿಂದ ಸಿಹಿ ತಿಂಡಿಗೆ

ಕೊಕ್ಕೋ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಈಗಿನ ಈಕ್ವೆಡಾರ್ ದೇಶದ ಜನ ಸುಮಾರು 5,300 ವರ್ಷಗಳ ಹಿಂದೆಯೇ ಕೊಕ್ಕೋ ಬಳಸುತ್ತಿದ್ದರೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಮುಂದೆ ಮಾಯಾ ಮತ್ತು ಅಜ್ಟೆಕ್ ಜನರು ಬೀಜವನ್ನು ಹುರಿದು, ಅರೆದು, ನೀರಿನಲ್ಲಿ ಕದಡಿ ನೊರೆ ಬರಿಸಿ ಕುಡಿಯುತ್ತಿದ್ದರು. ಅದರಲ್ಲಿ ಸಕ್ಕರೆ ಇರಲಿಲ್ಲ, ಮೆಣಸು ಇರುತ್ತಿತ್ತು. ಕೊಕ್ಕೋ ಬೀಜ ಅವರಿಗೆ ನಾಣ್ಯವೂ ಆಗಿತ್ತು. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಮರಕ್ಕೆ ಥಿಯೋಬ್ರೋಮಾ ಕಕಾವ್ ಎಂದು ಹೆಸರಿಟ್ಟನು. ಥಿಯೋಬ್ರೋಮಾ ಎಂದರೆ ದೇವತೆಗಳ ಆಹಾರ.

ಆದರೆ ಪಾನೀಯದಿಂದ ಹೂವು ಮಾಡಲಾಗದು. ಹೂವು ಮಾಡಬೇಕಾದರೆ ಚಾಕಲೇಟ್ ಗಟ್ಟಿಯಾಗಬೇಕು. ಅದಕ್ಕೆ ದಾರಿ ತೆರೆದದ್ದು 1828. ಆ ವರ್ಷ ಹಾಲೆಂಡಿನ ವಾನ್ ಹೌಟನ್ ಮನೆತನದವರು ಬೀಜವನ್ನು ಒತ್ತಿ ಅದರ ಕೊಬ್ಬನ್ನು ಬೇರ್ಪಡಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಆ ಕೊಬ್ಬಿಗೆ ಕೊಕ್ಕೋ ಬೆಣ್ಣೆ ಎನ್ನುತ್ತಾರೆ. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪೆನಿಯು ಕೊಕ್ಕೋ ಪುಡಿ, ಸಕ್ಕರೆ ಮತ್ತು ಕೊಕ್ಕೋ ಬೆಣ್ಣೆ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ದ ಚಾಕಲೇಟನ್ನು ಮಾರಿತು. 1875ರಲ್ಲಿ ಸ್ವಿಜರ್‌ಲೆಂಡಿನ ಡ್ಯಾನಿಯಲ್ ಪೀಟರ್ ಹಾಲಿನ ಚಾಕಲೇಟ್ ತಯಾರಿಸಿದನು. 1879ರಲ್ಲಿ ಅದೇ ದೇಶದ ಲಿಂಡ್ಟ್ ಎಂಬವನು ಚಾಕಲೇಟನ್ನು ಬಹಳ ಹೊತ್ತು ತಿರುವಿ ನುಣುಪು ಮಾಡುವ ವಿಧಾನ ಕಂಡುಹಿಡಿದನು. ಇಷ್ಟೆಲ್ಲ ಆದ ಮೇಲೆಯೇ ಎಸಳಿನಷ್ಟು ತೆಳುವಾದ ಚಾಕಲೇಟ್ ಸಾಧ್ಯವಾಯಿತು.

ಈ ಸಿಹಿಯಲ್ಲಿ ಕಣ್ಣೀರೂ ಬೆರೆತಿದೆ. ಆಫ್ರಿಕದ ಸಾವೊ ಟೋಮೆ ದ್ವೀಪದ ಕೊಕ್ಕೋ ತೋಟಗಳಲ್ಲಿ ಜನರನ್ನು ಗುಲಾಮರಂತೆ ದುಡಿಸುತ್ತಿದ್ದರು. ಆ ಸುದ್ದಿ ಹೊರಬಿದ್ದು, ಬಹಳ ವಾದವಿವಾದವಾದ ಮೇಲೆ, 1909ರಲ್ಲಿ ಇಂಗ್ಲೆಂಡಿನ ದೊಡ್ಡ ಚಾಕಲೇಟ್ ಕಂಪೆನಿಗಳು ಅಲ್ಲಿಂದ ಬೀಜ ಕೊಳ್ಳುವುದನ್ನು ನಿಲ್ಲಿಸಿದವು.

ಕೇಕ್ ಬಂತು, ಕೊಕ್ಕೋ ಬಂತು

ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1883ರಲ್ಲಿ ಮರ್ಡೋಕ್ ಬ್ರೌನ್ ಎಂಬ ತೋಟದ ದೊರೆಗಾಗಿ ಕ್ರಿಸ್ಮಸ್ ಕೇಕ್ ತಯಾರಿಸಿದರೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಕೊಕ್ಕೋ ಗಿಡ ಅದಕ್ಕೂ ಮೊದಲು, 1798ರಲ್ಲಿ, ತಮಿಳುನಾಡಿನ ಕುಟ್ರಾಲಂಗೆ ಬಂದಿತ್ತು. ಆದರೆ ಬೆಳೆಯಾಗಿ ಹಬ್ಬಿದ್ದು ಬಹಳ ತಡವಾಗಿ. 1965ರಲ್ಲಿ ವಯನಾಡಿನ ಚುಂಡೇಲಿನಲ್ಲಿ ಕ್ಯಾಡ್‌ಬರಿ ಕಂಪೆನಿ ಮಾದರಿ ತೋಟ ಆರಂಭಿಸಿತು. 1970ರ ದಶಕದಲ್ಲಿ ಕೊಕ್ಕೋ ನಮ್ಮ ಅಡಿಕೆ ತೋಟಗಳೊಳಗೆ ಕಾಲಿಟ್ಟಿತು.

ಅಡಿಕೆ ತೋಟ ಕೊಕ್ಕೋಗೆ ಹೇಳಿ ಮಾಡಿಸಿದ ಜಾಗ. ಕೊಕ್ಕೋಗೆ ನೆರಳು ಬೇಕು, ಬೇಸಗೆಯಲ್ಲಿ ನೀರು ಬೇಕು. ಎರಡೂ ಅಲ್ಲಿವೆ. ಉದುರಿದ ಎಲೆ ಅಡಿಕೆ ಮರದ ಬುಡಕ್ಕೆ ಗೊಬ್ಬರವಾಗುತ್ತದೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಈ ಮಿಶ್ರ ಬೆಳೆಯ ಮೇಲೆ ಬಹಳ ಕೆಲಸ ನಡೆದಿದೆ.

ಹಾಗಿದ್ದೂ ಕೃಷಿಕನಿಗೆ ಒಂದು ದೊಡ್ಡ ತೊಡಕಿತ್ತು. ಅಡಿಕೆಗೆ ಬೆಲೆ ಇಲ್ಲದಿದ್ದರೆ ಒಣಗಿಸಿ ಅಟ್ಟದಲ್ಲಿಟ್ಟು ಕಾಯಬಹುದು. ಕೊಕ್ಕೋದ ಹಸಿ ಬೀಜವನ್ನು ಇಟ್ಟುಕೊಳ್ಳಲಾಗದು. ಹಣ್ಣು ಒಡೆದ ಮೇಲೆ ಬುಟ್ಟಿಯಲ್ಲೋ ಮರದ ಪೆಟ್ಟಿಗೆಯಲ್ಲೋ ಹಾಕಿ, ನಡುನಡುವೆ ಮಗುಚಿ, ಐದಾರು ದಿನ ಹುಳಿ ಬರಿಸಬೇಕು. ಆ ಹುಳಿಯಿಂದಲೇ ಚಾಕಲೇಟಿನ ಪರಿಮಳ ಹುಟ್ಟುವುದು. ಮತ್ತೆ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಅದು ಸುಲಭವಲ್ಲ. ಆದ್ದರಿಂದ ಹಸಿ ಬೀಜ ಕೊಳ್ಳುವವನು ಹೇಳಿದ್ದೇ ಬೆಲೆ. 1980ರ ಸುಮಾರಿಗೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಖಾಸಗಿ ಖರೀದಿ ಕುಗ್ಗಿತು. ಹಣ್ಣು ಮರದಲ್ಲೇ ಕೊಳೆಯಿತು. ಮನಸ್ಸಿಲ್ಲದ ಮನಸ್ಸಿನಿಂದ ಎಷ್ಟೋ ಮಂದಿ ಮರಗಳನ್ನೇ ಕಡಿದರು.

ಗಡಿ ದಾಟಿದ ಸಹಕಾರ

ಆಗ ಕೈಹಿಡಿದದ್ದು ಕ್ಯಾಂಪ್ಕೋ. ಅಡಿಕೆ ಬೆಲೆಯ ಕುಸಿತದಿಂದ ಕಂಗೆಟ್ಟ ಕೃಷಿಕರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆಯಿದು. ವಾರಣಾಶಿ ಸುಬ್ರಾಯ ಭಟ್ಟರು ಇದರ ಸ್ಥಾಪಕಾಧ್ಯಕ್ಷರು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಕೃಷಿಕರು ಇದರ ಸದಸ್ಯರು. ಸಂಸ್ಥೆ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟ್ ಕಾರ್ಖಾನೆಯನ್ನು ತೆರೆಯಿತು. ಬೀಜ ಮಾರುವವರೇ ಚಾಕಲೇಟ್ ಕಾರ್ಖಾನೆಯ ಒಡೆಯರಾದದ್ದು ಸಣ್ಣ ಮಾತಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಪುತ್ತೂರು, ಕಾಸರಗೋಡು ಎರಡೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಗಡಿಗೆರೆ ಬಿದ್ದ ಮೇಲೆ ಕಚೇರಿಯ ಭಾಷೆ ಬದಲಾಯಿತು. ಆದರೆ ತೋಟದ ಕಷ್ಟಸುಖ ಎರಡು ಕಡೆಯೂ ಒಂದೇ. ಅದನ್ನು ಅರಿತ ಹಿರಿಯರು ಗೆರೆಯ ಆಚೀಚೆಗೆ ಒಂದೇ ಸಂಸ್ಥೆ ಕಟ್ಟಿದರು. ಗಡಿನಾಡಿನ ಕನ್ನಡ ಶಾಲೆಗಳ ನಮಗೆ ಇದು ಬಹಳ ಮುಖ್ಯವಾದ ಪಾಠವೆಂದು ತೋರುತ್ತದೆ.

ಹೂವು ಮಾಡುವ ಬಗೆ

ಈಗ ಕೇಕಿನ ಹೂವಿಗೆ ಬರೋಣ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕಲೇಟ್ ಕರಗಿಸಬೇಕು. ನೀರಿನ ಹನಿ ತಾಗಬಾರದು, ತಾಗಿದರೆ ಗಂಟುಗಂಟಾಗುತ್ತದೆ. ಚಾಕಲೇಟಿನ ಮೂರನೇ ಒಂದು ಪಾಲು ಗ್ಲೂಕೋಸ್ ಪಾಕವನ್ನು ತುಸು ಬಿಸಿ ಮಾಡಿ ಬೆರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ರಾತ್ರಿ ಇಡಬೇಕು. ಮರುದಿನ ಚಪಾತಿ ಹಿಟ್ಟಿನಂತೆ ನಾದಿ, ಸಣ್ಣ ಉಂಡೆಗಳನ್ನು ಚಮಚದ ಹಿಂಬದಿಯಿಂದ ತಟ್ಟಿದರೆ ಎಸಳು. ಒಂದು ಎಸಳನ್ನು ಸುರುಳಿ ಸುತ್ತಿ, ಉಳಿದವನ್ನು ಅದರ ಸುತ್ತ ಅಂಟಿಸಿದರೆ ಗುಲಾಬಿ. ತೊಳೆದು ಒರಸಿದ ಗುಲಾಬಿ ಎಲೆಯ ಹಿಂಬದಿಗೆ ಕರಗಿದ ಚಾಕಲೇಟ್ ಸವರಿ, ಗಟ್ಟಿಯಾದ ಮೇಲೆ ಎಲೆ ಸುಲಿದರೆ ನರಗಳ ಸಮೇತ ಚಾಕಲೇಟ್ ಎಲೆ ಸಿಗುತ್ತದೆ. ಕಣಗಿಲೆಯಂಥ ವಿಷದ ಎಲೆ ಖಂಡಿತ ಬೇಡ.

ನಮ್ಮ ಕರಾವಳಿಯ ಸೆಕೆಗೆ ಹೂವು ಬೇಗ ಮೆತ್ತಗಾಗುತ್ತದೆ. ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುವುದೇ ಕಾರಣ. ನಾಲಿಗೆಯ ಮೇಲೆ ಚಾಕಲೇಟ್ ಕರಗುವುದೂ ಅದರಿಂದಲೇ. ಅಂಗಡಿಯ ಕಾಂಪೌಂಡ್ ಚಾಕಲೇಟಿನಲ್ಲಿ ಈ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕೆಲಸಕ್ಕೆ ಅದು ಸುಲಭ. ಆದರೆ ಕೊಕ್ಕೋ ಬೆಳೆಗಾರನ ಪಾಲು ಅದರಲ್ಲಿ ಕಡಿಮೆ. ಪೊಟ್ಟಣದ ಹಿಂಬದಿ ಓದಿ ಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕು.

2024ರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿತು. ಮರುವರ್ಷವೇ ಬಹಳ ಇಳಿಯಿತು. ಬೆಲೆಯ ಈ ಏರಿಳಿತ ಅಂದಿನ ಕಥೆ ಮಾತ್ರವಲ್ಲ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ತರಗತಿಗೆ ಒಂದು ಕೊಕ್ಕೋ ಹಣ್ಣು ತನ್ನಿ. ಒಡೆದು ಬೀಜ ಎಣಿಸಲಿ, ಸಾಮಾನ್ಯವಾಗಿ 30–40 ಇರುತ್ತವೆ. ಕೊಂಬೆಯ ತುದಿಯಲ್ಲಿ ಅಲ್ಲ, ಕಾಂಡದ ಮೇಲೆಯೇ ಅರಳುವ ಅದರ ಪುಟ್ಟ ಹೂವನ್ನು ತೋಟಕ್ಕೆ ಹೋಗಿ ನೋಡಲಿ. ಆ ಬಳಿಕ ಮನೆಯ ಅಜ್ಜ ಅಜ್ಜಿಯರಲ್ಲಿ ಕೇಳಿ, ಮರ ಕಡಿದ ಆ ದಿನಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು ತರಲಿ. ಅಂದು ಮರ ನೆಟ್ಟವರಲ್ಲಿ ಹಲವರು ಇಂದಿಲ್ಲ, ಇರುವವರಿಗೂ ವಯಸ್ಸಾಗಿದೆ. ಆ ಪುಟಗಳನ್ನು ಶಾಲೆಯಲ್ಲಿ ಜೋಪಾನವಾಗಿ ತೆಗೆದಿಡೋಣ.