ಕ್ರೂಗರ್ ಕಾಡಿನಲ್ಲಿ ನಮ್ಮದೇ ಡ್ರೈವಿಂಗ್: ಮೊದಲ ವರ್ಷ ಮೂರೇ ಕಾರು

 

ಒಂದು ರೀಲ್ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಾ. ನದಿ ಮೇಲೆ ಹಳೇ ರೈಲು ಸೇತುವೆ. ಅದರ ಮೇಲೆ ಎಲ್ಲಿಗೂ ಹೋಗದೆ ನಿಂತಿರೋ ಒಂದು ರೈಲು. ಬೋಗಿಗಳೇ ಹೋಟೆಲ್ ರೂಮು. ಕಿಟಕಿಯಿಂದ ಕೆಳಗೆ ನೋಡಿದ್ರೆ ನದಿ, ದಡದಲ್ಲಿ ಆನೆ. ಅದು ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸ್ಕುಕುಜಾ ಅನ್ನೋ ಜಾಗ. ಆ ರೀಲ್ ಕೆಳಗೆ ಎಲ್ಲರದ್ದೂ ಒಂದೇ ಪ್ರಶ್ನೆ: ಅಲ್ಲಿ ನಾವೇ ಕಾರು ಓಡಿಸಬಹುದಂತೆ, ನಿಜಾನಾ?

ನಿಜ. ಬಾಡಿಗೆ ಕಾರು ತಗೊಂಡು, ಗೇಟಲ್ಲಿ ಶುಲ್ಕ ಕಟ್ಟಿ, ನೀವೇ ಸ್ಟೀರಿಂಗ್ ಹಿಡಿದು ಕಾಡೊಳಗೆ ಹೋಗಬಹುದು. ಗೈಡ್ ಬೇಕಿಲ್ಲ. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಅಂದ್ರೆ ಅರಣ್ಯ ಇಲಾಖೆ ವ್ಯವಸ್ಥೆ ಮಾಡೋ ಗಾಡಿ, ಅವರದ್ದೇ ಡ್ರೈವರ್, ಅವರದ್ದೇ ಟೈಮು. ಅಲ್ಲಿ ಮಾತ್ರ ಹೀಗ್ಯಾಕೆ? ನಾನು ಬಿ.ಕಾಂ ಓದಿದವನು. ಯಾವುದಾದ್ರೂ ವ್ಯವಸ್ಥೆ ಅರ್ಥ ಆಗಲಿಲ್ಲ ಅಂದ್ರೆ ಮೊದಲು ಕೇಳೋದು ಒಂದೇ: ಇದಕ್ಕೆ ದುಡ್ಡು ಎಲ್ಲಿಂದ ಬಂತು? ಇವತ್ತಿನ ಕಥೆ ಶುರುವಾಗೋದೂ ಅಲ್ಲಿಂದಲೇ.

ಮೊದಲು ಗಾತ್ರ ತಿಳ್ಕೊಳ್ಳೋಣ. ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್. ಅಂದ್ರೆ ಹೆಚ್ಚುಕಡಿಮೆ ಇಡೀ ಕರ್ನಾಟಕದ ಹತ್ತನೇ ಒಂದು ಭಾಗ. ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಸುಮಾರು 350 ಕಿಲೋಮೀಟರ್, ಬೆಂಗಳೂರಿಂದ ಮಂಗಳೂರಿಗೆ ಹೋದಷ್ಟು ದೂರ. ಪೂರ್ವಕ್ಕೆ ಮೊಜಾಂಬಿಕ್, ಉತ್ತರಕ್ಕೆ ಜಿಂಬಾಬ್ವೆ.

ಶುರುವಾಗಿದ್ದು 1898ರಲ್ಲಿ. ಆಗ ಅಲ್ಲಿದ್ದದ್ದು ಟ್ರಾನ್ಸ್‌ವಾಲ್ ಗಣರಾಜ್ಯ, ಅಧ್ಯಕ್ಷ ಪಾಲ್ ಕ್ರೂಗರ್. ಬೇಟೆಯಿಂದ ಪ್ರಾಣಿಗಳು ಮುಗಿದುಹೋಗ್ತಾ ಇದ್ದಾಗ ಸಾಬಿ ನದಿಯ ಸುತ್ತಲಿನ ಜಾಗವನ್ನ ಮೀಸಲು ಅಂತ ಘೋಷಿಸಿದ್ರು. ಮರುವರ್ಷವೇ ಬ್ರಿಟಿಷರ ಜೊತೆ ಯುದ್ಧ. ಕ್ರೂಗರ್ ದೇಶ ಬಿಟ್ಟು ಹೋಗಿ, 1904ರಲ್ಲಿ ಸ್ವಿಟ್ಜರ್ಲೆಂಡಲ್ಲಿ ತೀರಿಕೊಂಡ್ರು. ಅವರ ಹೆಸರಿನ ಉದ್ಯಾನ ಅನ್ನೋದನ್ನ ಅವರು ನೋಡಲೇ ಇಲ್ಲ.

ಯುದ್ಧ ಗೆದ್ದ ಬ್ರಿಟಿಷರು ಆ ಮೀಸಲು ಜಾಗ ಉಳಿಸಿಕೊಂಡ್ರು. 1902ರಲ್ಲಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಅನ್ನೋ ಸ್ಕಾಟ್ಲೆಂಡ್ ಮೂಲದ ಸೈನ್ಯಾಧಿಕಾರಿಯನ್ನ ವಾರ್ಡನ್ ಆಗಿ ಕಳಿಸಿದ್ರು. ಆ ಮನುಷ್ಯ ನಿವೃತ್ತಿ ಆಗಿದ್ದು 1946ರಲ್ಲಿ.

ಬಂದ ಕೂಡಲೇ ಅವರು ಕೈ ಹಾಕಿದ ಎರಡು ಕೆಲಸ ಹೇಳ್ತೀನಿ. ಒಂದು, ಸಿಂಹ ಮತ್ತೆ ಬೇರೆ ಬೇಟೆ ಪ್ರಾಣಿಗಳನ್ನ ಗುಂಡಿಟ್ಟು ಕೊಲ್ಲೋದು. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಆಗಿನ ಲೆಕ್ಕದಲ್ಲಿ ಆಸ್ತಿ ಅಂದ್ರೆ ಜಿಂಕೆ ಜಾತಿಯ ಪ್ರಾಣಿಗಳು. ಸಿಂಹ ಅಂದ್ರೆ ಆ ಆಸ್ತಿ ತಿನ್ನೋ ನಷ್ಟ. ಎರಡನೇ ಕೆಲಸ, ಆ ಜಾಗದಲ್ಲಿ ಮೊದಲಿಂದ ಬದುಕ್ತಿದ್ದ ಕರಿಯ ಜನರನ್ನ ಹೊರಗೆ ಕಳಿಸೋದು. ಸೋಂಗಾ ಭಾಷೆ ಆಡೋ ಜನ ಅವರಿಗೆ ಒಂದು ಹೆಸರಿಟ್ರು: ಸ್ಕುಕುಜಾ. ಗುಡಿಸಿ ಹಾಕೋನು, ಎಲ್ಲ ತಲೆಕೆಳಗು ಮಾಡೋನು ಅಂತ ಅರ್ಥ ಹೇಳ್ತಾರೆ. ಇವತ್ತು ಬುಕಿಂಗ್ ಪೇಜಲ್ಲಿ ನೀವು ಕ್ಲಿಕ್ ಮಾಡೋ ಅತಿ ದೊಡ್ಡ ಕ್ಯಾಂಪಿನ ಹೆಸರು ಅದೇ. ಆ ಹೆಸರಲ್ಲಿ ಮೆಚ್ಚುಗೆ ಎಷ್ಟಿತ್ತು, ಬೈಗುಳ ಎಷ್ಟಿತ್ತು, ನೀವೇ ಯೋಚಿಸಿ. ಆಮೇಲೆ ಕೆಲವರಿಗೆ ಒಳಗಿರೋಕೆ ಬಿಟ್ರು. ಆದ್ರೆ ತಮ್ಮದೇ ನೆಲದಲ್ಲಿ ಬಾಡಿಗೆ ಕಟ್ಟಬೇಕು, ಇಲ್ಲಾ ಉದ್ಯಾನಕ್ಕೆ ದುಡೀಬೇಕು.

ಇದು ಒಬ್ಬ ಅಧಿಕಾರಿಯ ಕಥೆ ಮಾತ್ರ ಅಲ್ಲ. 1913ರಲ್ಲಿ ದಕ್ಷಿಣ ಆಫ್ರಿಕಾ ಒಂದು ಭೂಮಿ ಕಾಯ್ದೆ ತಂತು. ದೇಶದ ಬಹುಸಂಖ್ಯಾತ ಕರಿಯ ಜನರಿಗೆ ಅಂತ ಬಿಟ್ಟಿದ್ದು ನೆಲದ ಸುಮಾರು 7% ಮಾತ್ರ. ಕಾಡನ್ನ 'ಖಾಲಿ' ಮಾಡಿದ್ದು ಇದೇ ಕಾಲದ ಮಾತು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೀಸಲು ಅರಣ್ಯದಿಂದ ಸರ್ಕಾರಕ್ಕೆ ಆದಾಯ ಇಲ್ಲ, ಖರ್ಚು ಮಾತ್ರ. ಸುತ್ತಮುತ್ತ ಜಮೀನಿದ್ದ ಬಿಳಿಯ ರೈತರು, ಕಂಪನಿಗಳು, ಗಣಿ ಆಸೆ ಇದ್ದವರು, ಎಲ್ಲರ ಕಣ್ಣೂ ಆ ನೆಲದ ಮೇಲೆ. ಇದನ್ನ ಉಳಿಸಬೇಕು ಅಂದ್ರೆ ಮತ ಹಾಕೋ ಜನರಿಗೆ ಇದು ಬೇಕು ಅನ್ನಿಸಬೇಕು. ಆ ದೇಶದಲ್ಲಿ ಆಗ ಮತ ಇದ್ದದ್ದು ಹೆಚ್ಚಾಗಿ ಬಿಳಿಯರಿಗೆ.

ದಾರಿ ತೋರಿಸಿದ್ದು ರೈಲು. ಆ ರೀಲಿನ ಸೇತುವೆ ಇದೆಯಲ್ಲ, ಅದು ಸೆಲಾಟಿ ಅನ್ನೋ ಹಳೇ ರೈಲು ಮಾರ್ಗದ್ದು. 1890ರ ದಶಕದಲ್ಲಿ ಚಿನ್ನದ ಗಣಿ ಕಡೆಗೆ ಅಂತ ಶುರು ಮಾಡಿದ್ರು. ದುಡ್ಡು ನುಂಗಿದ ಹಗರಣದಲ್ಲಿ ಕೆಲಸ ಅರ್ಧಕ್ಕೇ ನಿಂತು, ಮುಗಿದಿದ್ದು 1912ರಲ್ಲಿ. 1923ರಲ್ಲಿ ರೈಲ್ವೆಯವರು ಒಂಬತ್ತು ದಿನದ ಒಂದು ಪ್ರವಾಸದ ರೈಲು ಬಿಟ್ರು. ಅದು ಸಾಬಿ ಸೇತುವೆ ಹತ್ರ ನಿಲ್ತಾ ಇತ್ತು. ಕಾಡಲ್ಲಿ ಬೆಂಕಿ ಹಾಕ್ಕೊಂಡು ಕೂರೋದು, ಕತ್ತಲಲ್ಲಿ ಕಿವಿ ನಿಮಿರಿಸೋದು, ಇಡೀ ಪ್ರವಾಸದಲ್ಲಿ ಜನಕ್ಕೆ ಹಿಡಿಸಿದ್ದು ಇದೇ. ಮತ್ತೆ ಜನ ನೋಡಬೇಕು ಅಂದಿದ್ದು ಜಿಂಕೆಯನ್ನಲ್ಲ, ಸಿಂಹವನ್ನ. ನಷ್ಟದ ಕಾಲಮ್ಮಿನಲ್ಲಿದ್ದ ಸಿಂಹ ನಿಧಾನಕ್ಕೆ ಲಾಭದ ಕಾಲಮ್ಮಿಗೆ ಬಂತು. ಅದನ್ನ ಗುಂಡಿಟ್ಟು ಕೊಲ್ಲೋ ನೀತಿ ಬದಲಾಗೋದಕ್ಕೆ ಪ್ರವಾಸಿಗರ ಈ ಆಸೆಯೂ ಒಂದು ಕಾರಣ.

1926ರಲ್ಲಿ ರಾಷ್ಟ್ರೀಯ ಉದ್ಯಾನ ಕಾಯ್ದೆ ಬಂತು. ಮಂಡಿಸಿದ್ದು ಪೀಟ್ ಗ್ರೋಬ್ಲರ್ ಅನ್ನೋ ಸಚಿವರು, ಪಾಲ್ ಕ್ರೂಗರ್ ಅವರ ಸಂಬಂಧಿ. ಹಳೇ ಅಧ್ಯಕ್ಷರ ಹೆಸರು ಯಾಕಿಟ್ರು? ಆಫ್ರಿಕಾನರ್ ಮತದಾರರ ಭಾವನೆಗೆ ಅದು ನಾಟುತ್ತಿತ್ತು. ಕ್ರೂಗರ್ ಅವರನ್ನ ವನ್ಯಜೀವಿಗಳ ಮಹಾ ರಕ್ಷಕ ಅಂತ ಆಮೇಲೆ ಕಟ್ಟಿದ ಕಥೆ ಇತಿಹಾಸಕ್ಕಿಂತ ಹೆಚ್ಚು ರಾಜಕೀಯ ಅಂತ ಇತಿಹಾಸಕಾರ್ತಿ ಜೇನ್ ಕರುದರ್ಸ್ 1995ರ ತಮ್ಮ ಪುಸ್ತಕದಲ್ಲಿ ವಾದಿಸ್ತಾರೆ.

1927ರಲ್ಲಿ ಗೇಟು ತೆರೀತು. ಶುಲ್ಕ ಒಂದು ಪೌಂಡು. ಆ ವರ್ಷ ಬಂದಿದ್ದು ಮೂರು ಕಾರು. ಮೂರೇ! ಯಾವ ಸ್ಟಾರ್ಟಪ್ ಆದ್ರೂ ಬಾಗಿಲು ಹಾಕೋ ಲೆಕ್ಕ ಇದು. ಆದ್ರೆ 1928ರಲ್ಲಿ 180 ಕಾರು. 1929ರಲ್ಲಿ 850. ಜನ ಬರ್ತಾರೆ ಅಂತ ಗೊತ್ತಾಯ್ತು. ರಸ್ತೆ ಹಾಕಿದ್ರು, ತಂಗೋಕೆ ಗುಡಿಸಲು ಕಟ್ಟಿದ್ರು. ನಮ್ಮದೇ ಕಾರಲ್ಲಿ ಸಫಾರಿ ಅನ್ನೋದು ಕಾಡಿಗೆ ಆಮೇಲೆ ಸೇರಿಸಿದ ಸೌಲಭ್ಯ ಅಲ್ಲ. ಉದ್ಯಾನ ಬೆಳೆದಿದ್ದೇ ಕಾರಿನ ಸುತ್ತ.

ಹಾಗಾಗಿ ಇವತ್ತು ನಿಮ್ಮ ಪ್ಲಾನಲ್ಲಿ ಬರೋ ಎಷ್ಟೋ ನಿಯಮಗಳ ಬೇರು ಅಲ್ಲೇ ಇದೆ. ಟಾರು ರಸ್ತೇಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೇಲಿ 40, ಅದಕ್ಕಿಂತ ಜಾಸ್ತಿ ಹೋಗೋ ಹಾಗಿಲ್ಲ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಯೋ ಹಾಗಿಲ್ಲ. ಕತ್ತಲಾಗೋದ್ರೊಳಗೆ ಕ್ಯಾಂಪ್ ಸೇರಬೇಕು, ಇಲ್ಲಾ ಹೊರಗೆ ಹೋಗಬೇಕು. ಜೂನ್, ಜುಲೈನಲ್ಲಿ ಗೇಟು ಬೆಳಿಗ್ಗೆ 6ಕ್ಕೆ ತೆಗೆದು ಸಂಜೆ 5.30ಕ್ಕೆ ಹಾಕ್ತಾರೆ. ಬಂಡೀಪುರದ ಹೆದ್ದಾರೀಲಿ ರಾತ್ರಿ 9ರ ಗೇಟಿಗೆ ಓಡಿದ ಅನುಭವ ಇದ್ದವರಿಗೆ ಈ ತರಾತುರಿ ಗೊತ್ತಿರುತ್ತೆ.

ಸರಿ, ಕಾರು ಬಂತು. ಕಾರೊಳಗೆ ಯಾರು?

ದಶಕಗಳ ಕಾಲ ಬಹುಪಾಲು ಬಿಳಿಯರು. ಹಾಗಂತ ಬೇರೆಯವರು ಬರಲೇ ಇಲ್ಲ ಅಂದ್ರೆ ತಪ್ಪಾಗುತ್ತೆ. ಜೇಕಬ್ ಡ್ಲಾಮಿನಿ ಅನ್ನೋ ಇತಿಹಾಸಕಾರರು 2020ರ ತಮ್ಮ ಪುಸ್ತಕದಲ್ಲಿ ಇದನ್ನೇ ಹುಡುಕಿ ಬರೆದಿದ್ದಾರೆ. ಕರಿಯ ಜನ ಅಲ್ಲಿ ಬರೀ ಕೂಲಿಗಳೋ ಕಳ್ಳಬೇಟೆಗಾರರೋ ಆಗಿರಲಿಲ್ಲ. ಗಣಿ ಕೆಲಸಕ್ಕೆ ಅಂತ ಆ ಕಾಡು ದಾಟಿ ಹೋದ ಮೊಜಾಂಬಿಕ್‌ನವರಿದ್ರು. ಪ್ರವಾಸಿಗರಾಗಿ ಬಂದ ಆಫ್ರಿಕನ್ನರು, ಭಾರತೀಯ ಮೂಲದವರೂ ಇದ್ರು. ಆದ್ರೆ ರಾತ್ರಿ ತಂಗೋಕೆ ಬಿಳಿಯರ ಕ್ಯಾಂಪುಗಳು ಅವರಿಗಿಲ್ಲ. ಬಿಳಿಯರಲ್ಲದವರಿಗೆ ಅಂತ ಇಟ್ಟಿದ್ದು ಒಲಿಫಾಂಟ್ಸ್ ನದಿ ಹತ್ರದ ಬಲೂಲೆ ಅನ್ನೋ ಪುಟ್ಟ ಕ್ಯಾಂಪು. ಅದು ಇವತ್ತಿಗೂ ಇದೆ. ಬೆರಳೆಣಿಕೆ ಗುಡಿಸಲು, ಕರೆಂಟ್ ಇಲ್ಲ, ಸಂಜೆಗೆ ಲ್ಯಾಂಟರ್ನ್. 'ಎಷ್ಟು ಚಂದ, ಎಷ್ಟು ಶಾಂತ' ಅಂತ ಈಗ ಜನ ಹುಡುಕ್ಕೊಂಡು ಹೋಗಿ ಬುಕ್ ಮಾಡ್ತಾರೆ. ಮಾಡಿ, ತಪ್ಪೇನಿಲ್ಲ. ಅಲ್ಲಿ ಯಾರು, ಯಾಕೆ ತಂಗ್ತಿದ್ರು ಅಂತ ತಿಳ್ಕೊಂಡು ತಂಗಿ.

ಇಲ್ಲಿ ನಮ್ಮ ಮನೆ ಕಥೇನೂ ಸೇರುತ್ತೆ. ವರ್ಣಭೇದದ ವಿಷಯಕ್ಕೆ ಭಾರತ 1946ರಲ್ಲೇ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸ್ತು. ಭಾರತದ ಪಾಸ್‌ಪೋರ್ಟ್‌ನಲ್ಲೇ ದಕ್ಷಿಣ ಆಫ್ರಿಕಾಕ್ಕೆ ಇದು ಸಲ್ಲೋದಿಲ್ಲ ಅಂತ ಇರ್ತಿತ್ತು. ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಗಿದ್ದು 1993ರಲ್ಲಿ. ಅಂದ್ರೆ ನಮ್ಮ ಅಪ್ಪ ಅಮ್ಮ ನಮ್ಮ ವಯಸ್ಸಲ್ಲಿದ್ದಾಗ, ಕೈಯಲ್ಲಿ ಎಷ್ಟೇ ದುಡ್ಡಿದ್ರೂ ಈ ಟ್ರಿಪ್ ಆಗ್ತಿರಲಿಲ್ಲ. ಇವತ್ತು ನಾವು ವೀಸಾ ಅರ್ಜಿ ತುಂಬೋ ಹಾಗಾಗಿದ್ದಕ್ಕೆ ಬೇರೆ ಯಾರೋ ಬೀದಿಗಿಳಿದಿದ್ದಾರೆ, ಜೈಲಿಗೆ ಹೋಗಿದ್ದಾರೆ.

ಈಗ ಉದ್ಯಾನದ ಉತ್ತರ ತುದಿಗೆ ಹೋಗೋಣ, ಪಫೂರಿಗೆ. ಲಿಂಪೊಪೊ ಮತ್ತೆ ಲುವುವ್ಹು ನದಿಗಳ ಮಧ್ಯದ ಜಾಗ. ಅಲ್ಲಿ ಮಕುಲೆಕೆ ಜನ ಬದುಕ್ತಾ ಇದ್ರು. 1969ರಲ್ಲಿ ಸರ್ಕಾರ ಅವರನ್ನ ಬಂದೂಕು ತೋರಿಸಿ ಎಬ್ಬಿಸ್ತು. ತಮ್ಮ ಮನೆಗಳಿಗೆ ತಾವೇ ಬೆಂಕಿ ಇಡೋ ಹಾಗೆ ಮಾಡಿದ್ರು. ಆ ನೆಲ ಉದ್ಯಾನಕ್ಕೆ ಸೇರ್ತು. ನಕ್ಷೆಯಲ್ಲಿ ಇನ್ನಷ್ಟು ಹಸಿರು.

ವರ್ಣಭೇದ ಸರ್ಕಾರ ಹೋದ ಮೇಲೆ ಮಕುಲೆಕೆ ಜನ ನೆಲ ವಾಪಸ್ ಕೇಳಿದ್ರು. 1998ರಲ್ಲಿ, ಅಂದ್ರೆ ಮೀಸಲು ಘೋಷಣೆಯಾಗಿ ಸರಿಯಾಗಿ ನೂರು ವರ್ಷಕ್ಕೆ, ಭೂ ಹಕ್ಕು ನ್ಯಾಯಾಲಯದ ಮೂಲಕ ಸುಮಾರು 24,000 ಹೆಕ್ಟೇರ್ ನೆಲದ ಒಡೆತನ ಅವರ ಕೈಗೆ ಬಂತು. ಆದ್ರೆ ಒಪ್ಪಂದದ ಪ್ರಕಾರ ಅಲ್ಲಿ ವಾಪಸ್ ಹೋಗಿ ಮನೆ ಕಟ್ಟೋ ಹಾಗಿಲ್ಲ, ಬೇಸಾಯ ಮಾಡೋ ಹಾಗಿಲ್ಲ. ನೆಲ ವನ್ಯಜೀವಿಗಳಿಗೇ ಇರುತ್ತೆ, ನಿರ್ವಹಣೆ ಉದ್ಯಾನದ ಜೊತೆ ಸೇರಿ, ಲಾಡ್ಜುಗಳಿಂದ ಬರೋ ಆದಾಯ ಸಮುದಾಯಕ್ಕೆ. ಕೆಲವರು ಇದನ್ನ ಮಾದರಿ ಅಂತಾರೆ. ಆದ್ರೆ ನನಗೆ ಒಂದು ಮಾತು ಬಿಟ್ಟು ಹೋಗಲ್ಲ. ಹಕ್ಕುಪತ್ರ ಸಿಕ್ತು, ಊರು ಸಿಗಲಿಲ್ಲ. ಆಸ್ತಿ ಪಟ್ಟಿಯಲ್ಲಿ ಜಮೀನು ಬರೀಬಹುದು; ಸುಟ್ಟ ಅಡುಗೆಮನೆಯನ್ನ, ಅಜ್ಜಿಯ ಸಮಾಧಿಯನ್ನ ಯಾವ ಕಾಲಮ್ಮಲ್ಲಿ ಬರೀತೀರಾ?

'ಹಾಗಾದ್ರೆ ಹೋಗಬಾರದಾ?' ಅಂತ ಕೇಳ್ತೀರಾ. ಹೋಗಿ. ಪ್ರವಾಸಿಗರ ದುಡ್ಡಿಲ್ಲದೆ ಈ ಕಾಡು ನಡೆಯಲ್ಲ, ಮಕುಲೆಕೆಯವರ ಒಪ್ಪಂದಾನೂ ನಿಲ್ಲಲ್ಲ. ರೂಟ್ ಮಾತ್ರ ಸ್ವಲ್ಪ ಬೇರೆ ಥರ ಹಾಕಿ.

ಹೆಚ್ಚಿನವರು ದಕ್ಷಿಣ ಭಾಗಕ್ಕೆ ಬಂದು ಎರಡು ರಾತ್ರಿ ಇದ್ದು, ಸಿಂಹ ಕಂಡ್ರೆ ಫೋಟೋ ಹಾಕಿ ವಾಪಸ್. ನೀವು ಒಂದು ವಾರ ಇಟ್ಕೊಳ್ಳಿ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋದ್ರೆ ಒಣಗಾಲ, ಹುಲ್ಲು ಕಡಿಮೆ, ಪ್ರಾಣಿಗಳು ನೀರಿನ ಹತ್ರ ಬರ್ತವೆ. ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸೋದು, ಸ್ಟೀರಿಂಗ್ ಬಲಗಡೆ. ಮಲೇರಿಯಾ ಇರೋ ಪ್ರದೇಶ, ಹೊರಡೋ ಮೊದಲು ಡಾಕ್ಟರ್ ನೋಡಿ. ನಿಲ್ಲೋದು, ನೋಡೋದು ಎಲ್ಲ ಸೇರಿ ಗಂಟೆಗೆ 25 ಕಿಲೋಮೀಟರ್ ಅಂತಲೇ ಲೆಕ್ಕ ಹಾಕಿ. ಹಾಗೆ ನೋಡಿದ್ರೆ ತುದಿಯಿಂದ ತುದಿಗೆ 14 ಗಂಟೆ. ಚಳಿಗಾಲದಲ್ಲಿ ಗೇಟು ತೆರೆದಿರೋದು ಹನ್ನೊಂದೂವರೆ ಗಂಟೆ. ಒಂದೇ ದಿನದಲ್ಲಿ ಆಗೋ ಮಾತಲ್ಲ.

ಸ್ಕುಕುಜಾದಲ್ಲಿ ಸೇತುವೆ ನೋಡಿ. ಅಲ್ಲಿಂದ ಉತ್ತರಕ್ಕೆ ಬಲೂಲೆ. ಮುಂದೆ ಫಲಬೋರ್ವಾ ಗೇಟಿನ ಹತ್ರ ಮಸೊರಿನಿ ಅನ್ನೋ ಹಳೇ ಹಳ್ಳಿ, ಜನ ಅಲ್ಲಿ ಕಬ್ಬಿಣ ಕರಗಿಸ್ತಿದ್ರು. ಇನ್ನೂ ಉತ್ತರಕ್ಕೆ ಪುಂಡಾ ಮಾರಿಯಾ ದಾಟಿ ಹೋದ್ರೆ ತುಲಮೆಲಾ, ಬೆಟ್ಟದ ಮೇಲಿನ ಕಲ್ಲುಗೋಡೆಗಳ ಪಟ್ಟಣ. ಕ್ರೂಗರ್ ಅಧ್ಯಕ್ಷರಾಗೋದಕ್ಕೆ ನೂರಾರು ವರ್ಷ ಮುಂಚಿನದು. ಅಲ್ಲಿ ಅಗೆದಾಗ ಚಿನ್ನದ ಒಡವೆ, ಗಾಜಿನ ಮಣಿ, ಚೀನಾದ ಪಿಂಗಾಣಿ ಚೂರು ಸಿಕ್ಕಿವೆ. ಅಂದ್ರೆ ಅಲ್ಲಿನ ಜನ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಕೈ ಸೇರಿಸಿದ್ರು. ಅಲ್ಲಿಗೆ ಮಾತ್ರ ಗೈಡ್ ಜೊತೆಗೇ ಹೋಗಬೇಕು. ಕೊನೆಗೆ ಪಫೂರಿ, ಮಕುಲೆಕೆ ನೆಲ.

ಈ ದಾರೀಲಿ ಹೋದ್ರೂ ಸಿಂಹ ಕಾಣಬಹುದು, ಕಾಣದೇನೂ ಇರಬಹುದು. ಅದು ನಿಮ್ಮ ಅದೃಷ್ಟ. ಆದ್ರೆ ಕಾರೊಳಗಿಂದ ನೋಡೋ ಆ ಬಯಲು 'ಯಾರೂ ಇಲ್ಲದ ಕಾಡು' ಅಂತ ಮಾತ್ರ ನಿಮಗಿನ್ನು ಅನ್ನಿಸಲ್ಲ.

ಟ್ರಿಪ್ ಪ್ಲಾನ್ ಮಾಡ್ತಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.