ಹಾಲಿ–ಕಲದಾರ: ಕೋಠಿಯ ಒಂದು ತ್ರೈರಾಶಿಕ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದುದು ಬ್ರಿಟಿಷ್ ರೆಸಿಡೆನ್ಸಿಯ ಭವನದಿಂದ. ಈ ಭವನವು 1949ರಲ್ಲಿ ಮಹಿಳಾ ಕಾಲೇಜಿಗೆ ನೆಲೆಯಾಯಿತು. ಅದರ ಸುತ್ತಣ ರೆಸಿಡೆನ್ಸಿ ಬಜಾರುಗಳು 1933ರವರೆಗೆ ಬ್ರಿಟಿಷರ ಅಧಿಕಾರಕ್ಕೆ ಒಳಪಟ್ಟಿದ್ದವು. ಆಚೆ ನಿಜಾಮರ ಆಡಳಿತ. ನಿಜಾಮರ ರೂಪಾಯಿ ‘ಹಾಲಿ’, ಬ್ರಿಟಿಷ್ ಭಾರತದ್ದು ‘ಕಲದಾರ’. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಈ ಎರಡು ಮಾತುಗಳೂ ಮನೆಮಾತಾಗಿದ್ದವು. ವಿನಿಮಯ ದರ ಮೊದಲು ಏರಿಳಿಯುತ್ತಿದ್ದು, ಕೊನೆಗೆ 7 ಹಾಲಿಗೆ 6 ಕಲದಾರ ಎಂದು ನಿಂತಿತು. 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ಒಬ್ಬನ ಬಳಿ 70 ಹಾಲಿ, ಇನ್ನೊಬ್ಬನ ಬಳಿ 60 ಕಲದಾರ ಇವೆ ಎನ್ನೋಣ. ಮೌಲ್ಯದಲ್ಲಿ ಇಬ್ಬರೂ ಸಮಾನರು. ಇಬ್ಬರೂ ಹತ್ತು ಹತ್ತು ನಾಣ್ಯ ವ್ಯಯಿಸಿದರೆ ಉಳಿಯುವುದು 60 ಮತ್ತು 50. ನಾಣ್ಯಗಳ ಪ್ರಮಾಣ 7:6 ಇದ್ದುದು 6:5 ಆಯಿತು. 60 ಹಾಲಿಗೆ 51 3/7 ಕಲದಾರ ಸಲ್ಲುವುದರಿಂದ ಕಲದಾರದವನೇ ಹೆಚ್ಚು ಕಳೆದುಕೊಂಡವನು. ಸಮತೆ ಉಳಿಯಬೇಕಾದರೆ ಏಳಕ್ಕೆ ಆರರಂತೆಯೇ ಕಳೆಯಬೇಕು. ಇದನ್ನೇ ತಿರುಗಿಸಿ ಕೇಳಬಹುದು: 7:6ರಲ್ಲಿದ್ದ ಎರಡು ರಾಶಿಗಳಿಂದ ಹತ್ತು ಹತ್ತು ಕಳೆದಾಗ 6:5 ಆದರೆ ಮೂಲ ರಾಶಿಗಳೆಷ್ಟು? ಒಂದು ಪಾಲನ್ನು ‘ಕ’ ಎಂದಿಟ್ಟುಕೊಂಡರೆ 7ಕ−10ರ ಐದುಪಟ್ಟು 6ಕ−10ರ ಆರುಪಟ್ಟಿಗೆ ಸಮ. ಎಂದರೆ 35ಕ−50 = 36ಕ−60; ಕ=10.

ದರ ತಿಳಿದಿರುವಲ್ಲಿ ನಾಣ್ಯ ಬದಲಿಸುವ ಲೆಕ್ಕ ಹಳೆಯ ತ್ರೈರಾಶಿಕವೇ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವುದು ಅದರ ಕ್ರಮ. ಅಮೋಘವರ್ಷನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನಲ್ಲಿ ಇದು ವಿಸ್ತಾರವಾಗಿ ಬಂದಿದೆ. ಆ ಅರಸನ ರಾಜಧಾನಿ ಮಾನ್ಯಖೇಟವೂ ಮುಂದೆ ನಿಜಾಮರ ರಾಜ್ಯದೊಳಗೇ ಇತ್ತೆಂಬುದು ಸ್ವಾರಸ್ಯದ ಸಂಗತಿ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದನು. ಸಾಹಿತ್ಯ ಚರಿತ್ರೆಗಳು ಈ ಕೃತಿಗಳನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದು ನಮಗೆ ಸರಿಯೆನಿಸದು.

ಚರಿತ್ರಕಾರನಿಗೆ ಈ ಲೆಕ್ಕ ವಿನೋದವಲ್ಲ. ಹೈದರಾಬಾದು ಪ್ರಾಂತದ ಕಡತವೊಂದರಲ್ಲಿ ಮನೆಬಾಡಿಗೆ ಒಂದು ವರ್ಷ 70, ಮುಂದಿನ ವರ್ಷ 65 ಎಂದಿದ್ದರೆ ಬಾಡಿಗೆ ಇಳಿಯಿತೆಂದು ಬರೆಯಲು ಕೈ ಆತುರಪಡುತ್ತದೆ. ಮೊದಲನೆಯದು ಹಾಲಿ, ಎರಡನೆಯದು ಕಲದಾರವಾಗಿದ್ದರೆ? 65 ಕಲದಾರವೆಂದರೆ 75 5/6 ಹಾಲಿ, ಬಾಡಿಗೆ ಏರಿದೆ. ಹಾಲಿ ಮರೆಗೆ ಸರಿದ 1950ರ ದಶಕದ ಲೆಕ್ಕಪತ್ರಗಳಲ್ಲಿ ಈ ತೊಡಕು ವಿಶೇಷವಾಗಿ ಕಾಡೀತು. ‘ರೂ.’ ಎಂಬ ಗುರುತು ಯಾವ ನಾಣ್ಯದ್ದೆಂದು ಮೊದಲು ಗೊತ್ತುಪಡಿಸಿಕೊಳ್ಳಬೇಕು. ಏಳಕ್ಕೆ ಆರು ಎಂಬ ದರವನ್ನು ಅದು ಸ್ಥಿರಗೊಳ್ಳುವುದಕ್ಕೆ ಮುಂಚಿನ ಕಾಲಕ್ಕೆ ಹೇರುವುದೂ ಸಲ್ಲದು. ಅಲ್ಲಿ ಆಯಾ ವರ್ಷದ ದರವನ್ನೇ ಹುಡುಕಬೇಕು.